ಚಿತ್ರ ಮುಗಿಯಿತೆಂದು ಫ್ರೇಮ್‌ಗಳನ್ನು ಅಳಿಸಬೇಡಿ

ದೂರದರ್ಶಕಕ್ಕೆ ಕ್ಯಾಮೆರಾ ಜೋಡಿಸಿದ ಹವ್ಯಾಸಿಗಳಲ್ಲಿ ಡಂಬ್‌ಬೆಲ್ ನೀಹಾರಿಕೆಯ ಚಿತ್ರ ತೆಗೆಯದವರು ಸಿಗುವುದು ಕಷ್ಟ. ಎಂ27 ಎಂದು ಕರೆಯುವ ಈ ನೀಹಾರಿಕೆ ದೊಡ್ಡದು, ಬೆಳಕುಳ್ಳದ್ದು, ಪುಟ್ಟ ಉಪಕರಣಕ್ಕೂ ಒಲಿಯುವಂಥದ್ದು. ಒಳಗಿನ ಹಸಿರುನೀಲಿಯೂ ಅಂಚಿನ ಕೆಂಪೂ ಚೆನ್ನಾಗಿ ಬಂದರೆ ಕೆಲಸ ಮುಗಿಯಿತೆಂದು ಎಲ್ಲರೂ ಮುಂದಿನ ಗುರಿಗೆ ಹೊರಡುತ್ತಾರೆ. ಆದರೆ ಅದೇ ಚಿತ್ರದಲ್ಲಿ, ನೀಹಾರಿಕೆಯ ಪೂರ್ವಕ್ಕೆ, ಹುಣ್ಣಿಮೆ ಚಂದ್ರನ ಅಗಲಕ್ಕಿಂತಲೂ ಕಡಿಮೆ ಅಂತರದಲ್ಲಿ 7.7 ಕಾಂತಿಮಾನದ (ಹೊಳಪಿನ ಅಳತೆ ಇದು, ಸಂಖ್ಯೆ ಕಡಿಮೆಯಾದಷ್ಟೂ ಹೊಳಪು ಹೆಚ್ಚು) ಒಂದು ಸಾಧಾರಣ ನಕ್ಷತ್ರ ಕುಳಿತಿದೆ. ಅದರ ಹೆಸರು ಎಚ್‌ಡಿ 189733. ನಮ್ಮಿಂದ ಸುಮಾರು 64 ಜ್ಯೋತಿರ್ವರ್ಷ ದೂರದಲ್ಲಿರುವ ಆ ನಕ್ಷತ್ರವನ್ನು ಗುರುಗ್ರಹದಷ್ಟು ದೊಡ್ಡ ಗ್ರಹವೊಂದು ಎರಡು ದಿನ ಐದೂಕಾಲು ಗಂಟೆಗೊಮ್ಮೆ ಸುತ್ತಿ ಬರುತ್ತದೆ. ಪ್ರತಿ ಸುತ್ತಿನಲ್ಲೂ ಅದು ನಕ್ಷತ್ರದ ಮುಂದೆ ಹಾದುಹೋಗುವಾಗ ನಮಗೆ ತಲುಪುವ ಬೆಳಕು ಸುಮಾರು ಶೇ 2.4ರಷ್ಟು ಇಳಿಯುತ್ತದೆ. ಎರಡು ಗಂಟೆ ತುಂಬುವ ಮೊದಲೇ ಮತ್ತೆ ಮೊದಲಿನಂತಾಗುತ್ತದೆ. 2005ರಲ್ಲಿ ಪತ್ತೆಯಾದ ಗ್ರಹವಿದು. ಬೇರೊಂದು ಸೂರ್ಯನ ಮುಂದೆ ಬೇರೊಂದು ಲೋಕ ಹಾದುಹೋಗುವುದು ಎಷ್ಟೋ ಜನರ ಹಾರ್ಡ್ ಡಿಸ್ಕ್‌ಗಳಲ್ಲಿ ದಾಖಲಾಗಿ, ಯಾರೂ ನೋಡದೆ ಅಳಿಸಿಹೋಗಿದೆ ಎಂಬುದರಲ್ಲಿ ನನಗೆ ಸಂದೇಹವಿಲ್ಲ.

ಆಕಾಶದ ಚಿತ್ರ ತೆಗೆಯುವ ನಾವು ರಾತ್ರಿಯಿಡೀ ನಕ್ಷತ್ರಗಳ ಬೆಳಕಿನ ಅಳತೆಗೆ ಯೋಗ್ಯವಾದ ದತ್ತಾಂಶವನ್ನು ಸಂಗ್ರಹಿಸುತ್ತೇವೆ. ಬೆಳಗಾದ ಮೇಲೆ ಅದರಿಂದ ಒಂದು ಚಿತ್ರ ಮಾಡಿಕೊಂಡು ಉಳಿದದ್ದನ್ನು ಬಿಸಾಡುತ್ತೇವೆ. ಈ ಅಭ್ಯಾಸ ಬದಲಾಗಬೇಕು ಎಂದು ಹೇಳುವುದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಸ್ಟ್ಯಾಕಿಂಗ್ ಎಂಬ ಕ್ರಿಯೆಯನ್ನೇ ತೆಗೆದುಕೊಳ್ಳಿ. ಒಂದು ಫ್ರೇಮ್‌ನಲ್ಲಿ, ಅಂದರೆ ಕ್ಯಾಮೆರಾ ಒಮ್ಮೆ ತೆಗೆದ ಬಿಡಿ ಚಿತ್ರದಲ್ಲಿ, ಗದ್ದಲವೇ (ಕಾಳುಕಾಳಾದ ಅಡ್ಡ ಚುಕ್ಕೆಗಳೇ) ಹೆಚ್ಚು, ನೀಹಾರಿಕೆ ಕಡಿಮೆ. ನೂರು ಫ್ರೇಮ್‌ಗಳನ್ನು ಒಂದರ ಮೇಲೊಂದು ಕೂಡಿಸಿ ಸರಾಸರಿ ತೆಗೆದರೆ ಗದ್ದಲಕ್ಕೆ ಹೋಲಿಸಿದಾಗ ಸಂಕೇತ ಹತ್ತು ಪಟ್ಟು ಬಲವಾಗುತ್ತದೆ. ಫ್ರೇಮ್‌ಗಳ ಸಂಖ್ಯೆಯ ವರ್ಗಮೂಲದಷ್ಟು ಲಾಭ. ಮಸುಕು ಗೆಲಾಕ್ಸಿಗಳ ಸುರುಳಿ ತೋಳುಗಳು ನಮಗೆ ಕಾಣುವುದೇ ಇದರಿಂದ. ಆದರೆ ಸರಾಸರಿ ತೆಗೆದ ಕ್ಷಣದಲ್ಲಿ ಕಾಲ ಅಳಿಸಿಹೋಗುತ್ತದೆ. ಐದು ಗಂಟೆಗಳಲ್ಲಿ ಯಾವ ನಕ್ಷತ್ರ ಏರಿತು, ಯಾವುದು ಇಳಿಯಿತು ಎಂಬುದು ಆ ಒಂದು ಚಿತ್ರದಲ್ಲಿ ಇರುವುದಿಲ್ಲ. ಇನ್ನೂ ಮುಖ್ಯವಾದ ಮಾತೆಂದರೆ, ಬಹುತೇಕ ಫ್ರೇಮ್‌ಗಳಲ್ಲಿ ಇಲ್ಲದೆ ಕೆಲವೇ ಫ್ರೇಮ್‌ಗಳಲ್ಲಿ ಕಂಡದ್ದನ್ನು ತಂತ್ರಾಂಶವು ಕಸವೆಂದು ತೀರ್ಮಾನಿಸಿ ತೆಗೆದುಹಾಕುತ್ತದೆ. ಉಪಗ್ರಹದ ಗೆರೆ ಹೋಗಲೆಂದೇ ಈ ಏರ್ಪಾಡು, ನಿಜ. ಆದರೆ ಅದೇ ಜರಡಿಯಲ್ಲಿ ಮೆಲ್ಲಗೆ ಸರಿಯುವ ಕ್ಷುದ್ರಗ್ರಹವೂ, ಒಂದು ಕೆಂಪು ಕುಬ್ಜ ನಕ್ಷತ್ರದ ಹತ್ತು ನಿಮಿಷದ ಭುಗಿಲೂ ಹೋಗುತ್ತವೆ. ಹೊಸದನ್ನು ಹುಡುಕಿ ಹುಡುಕಿ ಅಳಿಸುವ ಯಂತ್ರವನ್ನು ನಾವೇ ಕೈಯಾರೆ ನಡೆಸುತ್ತಿದ್ದೇವೆ.

ಬಿಡಿ ಫ್ರೇಮ್‌ಗಳು ಏನು ಕೊಡಬಲ್ಲವು ಎಂಬುದಕ್ಕೆ ವಿಕ್ಟರ್ ಬುಸೊ ಅವರಿಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಅರ್ಜೆಂಟೀನಾದ ಈ ಹವ್ಯಾಸಿ 2016ರ ಸೆಪ್ಟೆಂಬರ್ 20ರಂದು ತಮ್ಮ 40 ಸೆಂಟಿಮೀಟರ್ ದೂರದರ್ಶಕದಲ್ಲಿ ಹೊಸ ಕ್ಯಾಮೆರಾವನ್ನು ಪರೀಕ್ಷಿಸುತ್ತಿದ್ದರು. ಗುರಿ ಎನ್‌ಜಿಸಿ 613 ಗೆಲಾಕ್ಸಿ. ಕಿರು ಎಕ್ಸ್‌ಪೋಷರ್‌ಗಳ ಆ ಸಾಲಿನಲ್ಲಿ ಮೊದಲು ಏನೂ ಇರಲಿಲ್ಲ. ಆಮೇಲೆ ಒಂದು ಚುಕ್ಕೆ ಮೂಡಿತು, ಮುಂದಿನ ಫ್ರೇಮ್‌ಗಳಲ್ಲಿ ಅದು ಬೆಳಗುತ್ತಾ ಹೋಯಿತು. ಸಿಡಿಯುವ ನಕ್ಷತ್ರದ ಒಳಗಿಂದ ಹೊರಟ ಆಘಾತದ ಅಲೆ ಮೇಲ್ಮೈಯನ್ನು ಸೀಳಿ ಹೊರಬರುವ ಗಳಿಗೆ ಅದು. ಸೂಪರ್‌ನೋವಾ 2016ಜಿಕೆಜಿಯ ಆ ದಾಖಲೆ 2018ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು, ಲೇಖಕರ ಪಟ್ಟಿಯಲ್ಲಿ ಬುಸೊ ಹೆಸರೂ ಇತ್ತು. ಅದೃಷ್ಟ ಎಂದು ಹೇಳುವವರಿದ್ದಾರೆ. ಇರಬಹುದು. ಆದರೆ ಅವರು ಫ್ರೇಮ್‌ಗಳನ್ನು ಒಂದೊಂದಾಗಿ ನೋಡಿದರು ಎಂಬುದು ಅದೃಷ್ಟವಲ್ಲ.

ದೊಡ್ಡ ಕನ್ನಡಿಯೂ ಕಡ್ಡಾಯವಲ್ಲ. 2004ರ ಜನವರಿಯಲ್ಲಿ ಅಮೆರಿಕದ ಜೇ ಮೆಕ್‌ನೀಲ್ ಕೇವಲ ಮೂರು ಇಂಚಿನ ದೂರದರ್ಶಕದಿಂದ ಮಹಾವ್ಯಾಧದಲ್ಲಿ ಎಂ78ರ ಸುತ್ತಲಿನ ಪ್ರದೇಶದ ಚಿತ್ರ ತೆಗೆದರು. ಅದರಲ್ಲಿ ಯಾವ ನಕ್ಷೆಯಲ್ಲೂ ಇಲ್ಲದ ಒಂದು ಪುಟ್ಟ ಬೀಸಣಿಗೆ ಆಕಾರದ ನೀಹಾರಿಕೆ ಇತ್ತು. ಎಳೆಯ ನಕ್ಷತ್ರವೊಂದು ಹಠಾತ್ತನೆ ಪ್ರಜ್ವಲಿಸಿ ತನ್ನ ಸುತ್ತಲಿನ ದೂಳನ್ನು ಬೆಳಗಿಸಿತ್ತು. ನನಗೆ ಇದರಲ್ಲಿ ಎಲ್ಲಕ್ಕಿಂತ ಇಷ್ಟವಾಗುವುದು ಆಮೇಲಿನ ಕಥೆ. ಹಳೆಯ ಚಿತ್ರಗಳನ್ನು ತಿರುವಿ ಹಾಕಿದಾಗ, 1966ರಲ್ಲಿ ಇನ್ನೊಬ್ಬ ಹವ್ಯಾಸಿ ತೆಗೆದಿದ್ದ ಎಂ78ರ ಫೋಟೋದಲ್ಲೂ ಅದೇ ನೀಹಾರಿಕೆ ಕಂಡಿತು. ಅಂದರೆ ಆ ನಕ್ಷತ್ರ ಹಿಂದೆಯೂ ಹೀಗೆ ಉರಿದಿತ್ತು. ಆ ಫೋಟೋ ಉಳಿದಿದ್ದರಿಂದಲೇ ಅದು ತಿಳಿಯಿತು.

ಈಗ ಆಕಾಶವನ್ನು ಮತ್ತೆ ಮತ್ತೆ ಚಿತ್ರಿಸುವ ವೆರಾ ರೂಬಿನ್ ವೀಕ್ಷಣಾಲಯ ಬಂದಿದೆ, ಇನ್ನು ಹವ್ಯಾಸಿಗಳ ಅಳತೆ ಯಾರಿಗೆ ಬೇಕು ಎಂಬ ಪ್ರಶ್ನೆ ಆಗಾಗ ನನ್ನ ಕಿವಿಗೆ ಬೀಳುತ್ತದೆ. ಈ ವಾದವನ್ನು ನಾನು ಒಪ್ಪುವುದಿಲ್ಲ. ಚಿಲಿಯಲ್ಲಿರುವ ಅದರ 8.4 ಮೀಟರ್ ಕನ್ನಡಿ ಮಸುಕಾದದ್ದನ್ನು ನೋಡಲೆಂದು ಕಟ್ಟಿದ್ದು. ಎಂಟನೆಯ, ಹತ್ತನೆಯ ಕಾಂತಿಮಾನದ ನಕ್ಷತ್ರಗಳ ಬೆಳಕಿಗೆ ಅದರ ಕ್ಯಾಮೆರಾ ತುಂಬಿ ತುಳುಕುತ್ತದೆ, ಅಳತೆ ಸಿಗುವುದಿಲ್ಲ. ಉತ್ತರ ಆಕಾಶದ ಬಹುಭಾಗ ಅದಕ್ಕೆ ಕಾಣುವುದೇ ಇಲ್ಲ. ಒಂದೇ ನಕ್ಷತ್ರವನ್ನು ಸಂಜೆಯಿಂದ ಬೆಳಗಿನವರೆಗೆ ಬಿಡದೆ ನೋಡುತ್ತಾ ಕೂರುವ ಪುರುಸೊತ್ತೂ ಅದಕ್ಕಿಲ್ಲ. ನಮಗೆ ಇದೆ. ಬೇರೆ ನಕ್ಷತ್ರಗಳ ಗ್ರಹಗಳನ್ನು ಅಧ್ಯಯನ ಮಾಡಲಿರುವ ಯುರೋಪಿನ ಏರಿಯಲ್ ಬಾಹ್ಯಾಕಾಶ ಯೋಜನೆ, ತಾನು ಮುಂದೆ ನೋಡಲಿರುವ ಗ್ರಹಗಳು ತಮ್ಮ ನಕ್ಷತ್ರದ ಮುಂದೆ ಹಾದುಹೋಗುವ ಸಮಯವನ್ನು ನಿಖರವಾಗಿಡಲು ಎಕ್ಸೋಕ್ಲಾಕ್ ಎಂಬ ಯೋಜನೆಯ ಮೂಲಕ ಹವ್ಯಾಸಿಗಳ ನೆರವನ್ನೇ ಕೇಳಿ ಪಡೆಯುತ್ತಿದೆ.

ಸುಂದರ ಚಿತ್ರಗಳ ಮೇಲೆ ನನಗೆ ಮುನಿಸಿಲ್ಲ. ಆಂಡ್ರೊಮಿಡಾ ಗೆಲಾಕ್ಸಿಯಷ್ಟು ಫೋಟೋ ತೆಗೆಸಿಕೊಂಡ ವಸ್ತು ಆಕಾಶದಲ್ಲಿ ವಿರಳ. ಆದರೂ ಅದರ ಪಕ್ಕದಲ್ಲೇ ಮೂರು ಚಂದ್ರರಷ್ಟು ಉದ್ದದ ಆಮ್ಲಜನಕದ ಕಮಾನೊಂದಿದೆ ಎಂಬುದು ಜಗತ್ತಿಗೆ ತಿಳಿದದ್ದು 2023ರಲ್ಲಿ. ಡ್ರೆಕ್ಸ್‌ಲರ್, ಸ್ಟ್ರಾಟ್ನರ್, ಸೈಂಟಿ ಎಂಬ ಹವ್ಯಾಸಿಗಳು ಆಮ್ಲಜನಕದ 500.7 ನ್ಯಾನೋಮೀಟರ್ ಬೆಳಕಿನಲ್ಲಿ ಗಂಟೆಗಟ್ಟಲೆ ಎಕ್ಸ್‌ಪೋಷರ್ ಕೊಟ್ಟು ಅದನ್ನು ಹೊರತಂದರು. ಸೌಂದರ್ಯದ ಬೆನ್ನು ಹತ್ತಿದವರ ತಾಳ್ಮೆಯೇ ಅಲ್ಲಿ ವಿಜ್ಞಾನವಾಯಿತು. ಆದರೆ ಗದ್ದಲ ತೆಗೆಯುವ, ನಕ್ಷತ್ರವನ್ನು ಚೂಪಾಗಿಸುವ ಕೃತಕ ಬುದ್ಧಿಮತ್ತೆಯ ಸಾಧನಗಳ ಬಗ್ಗೆ ಎಚ್ಚರವಿರಲಿ. ಅವು ಪಿಕ್ಸೆಲ್‌ನಲ್ಲಿ ಇದ್ದದ್ದನ್ನು ತೆಗೆದು, ಇರಬಹುದಾದದ್ದನ್ನು ಇಡುತ್ತವೆ. ಗೋಡೆಗೆ ತೂಗುಹಾಕುವ ಚಿತ್ರಕ್ಕೆ ಬಳಸಿ, ಅಳತೆಯ ಹತ್ತಿರ ಮಾತ್ರ ಬಿಟ್ಟುಕೊಳ್ಳಬೇಡಿ.

ಅಳತೆಗೆ ಬೇಕಾದ ಶಿಸ್ತು ನಮ್ಮಲ್ಲಿ ಆಗಲೇ ಅರ್ಧ ಇದೆ. ಕ್ಯಾಮೆರಾ ಮತ್ತು ದೂರದರ್ಶಕದ ದೋಷಗಳನ್ನು ಕಳೆಯುವ ಡಾರ್ಕ್, ಫ್ಲಾಟ್ ಫ್ರೇಮ್‌ಗಳನ್ನು ಹೇಗೂ ತೆಗೆಯುತ್ತೇವೆ. ಕಂಪ್ಯೂಟರಿನ ಗಡಿಯಾರ ಅಂತರಜಾಲದ ಸಮಯಕ್ಕೆ ಸರಿಹೊಂದಿರಬೇಕು, ನಕ್ಷತ್ರದ ಮಧ್ಯಭಾಗದ ಪಿಕ್ಸೆಲ್‌ಗಳು ಬೆಳಕಿನಿಂದ ಭರ್ತಿಯಾಗಿ ಅಳತೆಯ ಮಿತಿ ಮೀರಿರಬಾರದು. ಎಚ್‌ಡಿ 189733 ಐದು ನಿಮಿಷದ ಎಕ್ಸ್‌ಪೋಷರ್‌ನಲ್ಲಿ ಖಂಡಿತ ಕೆಟ್ಟುಹೋಗುತ್ತದೆ, ಅದಕ್ಕೆ ಕೆಲವು ಸೆಕೆಂಡುಗಳ ಫ್ರೇಮ್‌ಗಳೂ ಸ್ವಲ್ಪ ಫೋಕಸ್ ತಪ್ಪಿಸುವುದೂ ಬೇಕು. ಮೋಡದ ತೆಳು ಪರದೆ ಬಂದರೆ ಅಕ್ಕಪಕ್ಕದ ನಕ್ಷತ್ರಗಳೂ ಅಷ್ಟೇ ಮಂಕಾಗುತ್ತವೆ, ಆದ್ದರಿಂದ ಅವುಗಳೊಂದಿಗೆ ಹೋಲಿಸಿ ಅಳೆದರೆ ಸಾಕು. ಮೊದಲ ಪ್ರಯತ್ನಕ್ಕೆ ನಾನು ಎಂ3 ನಕ್ಷತ್ರಗುಚ್ಛವನ್ನು ಹೇಳುತ್ತೇನೆ. ಒಂದೇ ರಾತ್ರಿಯ ಮೊದಲ ಫ್ರೇಮ್ ಮತ್ತು ಕೊನೆಯ ಫ್ರೇಮ್‌ಗಳನ್ನು ಪರದೆಯ ಮೇಲೆ ಅದಲುಬದಲು ಮಾಡಿ ನೋಡಿ. ಅರ್ಧ ದಿನದ ಆಸುಪಾಸಿನ ಅವಧಿಯಲ್ಲಿ ಏರಿಳಿಯುವ ಆರ್‌ಆರ್ ಲೈರೆ ನಕ್ಷತ್ರಗಳು ಅಲ್ಲಿ 200ಕ್ಕೂ ಹೆಚ್ಚಿವೆ. ಹಲವು ಕಣ್ಣೆದುರೇ ಮಿಟುಕುತ್ತವೆ. ಅಳತೆಗಳನ್ನು ಕಳುಹಿಸಲು 1911ರಿಂದ ಈ ಕೆಲಸವನ್ನೇ ಮಾಡುತ್ತಿರುವ, ಬೆಳಕು ಬದಲಾಗುವ ನಕ್ಷತ್ರಗಳ ವೀಕ್ಷಕರ ಅಮೆರಿಕದ ಸಂಘ ಎಎವಿಎಸ್ಒ ಇದೆ, ಜಗತ್ತಿನ ಯಾವ ಮೂಲೆಯವರೂ ಕಳುಹಿಸಬಹುದು.

ಮತ್ತೆ ಒಂದು ಕೋರಿಕೆ. 2023ರ ಮೇ 19ರಂದು ಜಪಾನಿನ ಹವ್ಯಾಸಿ ಕೋಯಿಚಿ ಇತಗಾಕಿ ಎಂ101 ಗೆಲಾಕ್ಸಿಯಲ್ಲಿ ಸೂಪರ್‌ನೋವಾ ಕಂಡಾಗ, ಅದು ಸಿಡಿದ ಹೊತ್ತನ್ನು ನಿಗದಿ ಮಾಡಲು ನೆರವಾದದ್ದು ಅದಕ್ಕೂ ಮೊದಲು ಹವ್ಯಾಸಿಗಳು ಸುಮ್ಮನೆ ತೆಗೆದಿಟ್ಟಿದ್ದ ಫ್ರೇಮ್‌ಗಳು. ಆ ವರ್ಷ ಮೇ 18, 19ರಂದು ನೀವೂ ಎಂ101ರತ್ತ ದೂರದರ್ಶಕ ತಿರುಗಿಸಿದ್ದರೆ, ಕ್ಯಾಮೆರಾದ ಮೂಲ (ರಾ) ಫೈಲ್‌ಗಳು ಇನ್ನೂ ಉಳಿದಿದ್ದರೆ, ಒಂದೊಂದನ್ನೂ ತೆರೆದು ನೋಡಿ.