ನೀವಂತೂ ಓದೇ ಇರ್ತೀರಿ

ಇಂಗ್ಲೆಂಡಿನ ಜನ "ಇದನ್ನು ಓದಿದ್ದೀರಾ?" ಅಂತ ನೇರವಾಗಿ ಕೇಳಿದರೆ ಹೌದು, ಇಲ್ಲ ಅಂದು ಪಾರಾಗಬಹುದು. ಆದರೆ ಹಾಗೆ ಕೇಳಿದರೆ ಎದುರಿನವರಿಗೆ ಪರೀಕ್ಷೆ ಮಾಡಿದಂತಾಗುತ್ತದಲ್ಲ, ಅದಕ್ಕೇ ಸುತ್ತಿ ಬಳಸಿ ಬರುತ್ತಾರೆ. "ನೀವಂತೂ ಓದೇ ಇರ್ತೀರಿ" ಅನ್ನುವುದು ಒಂದು ದಾರಿ. "ಎಲ್ಲಾದರೂ ನಿಮ್ಮ ಕಣ್ಣಿಗೆ ಬಿದ್ದಿತ್ತೋ ಏನೋ" ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ ಇಲ್ಲ ಅನ್ನಲು ನಾಚಿಕೆ. ಎರಡನೆಯದಕ್ಕೆ ಹೌದು ಅಂದರೆ ಜಂಭ.

ನಾವಿರುವುದು ರೆಡಿಂಗ್‌ನಲ್ಲಿ. ಲಂಡನ್ನಿನಿಂದ ರೈಲಿನಲ್ಲಿ ಅರ್ಧ ಗಂಟೆ. ಊರಿನ ಹೆಸರನ್ನು ಇಂಗ್ಲಿಷಿನಲ್ಲಿ ಬರೆದರೆ ಥೇಟ್ 'ಓದುವುದು' ಅಂತಲೇ. ಆಸ್ಕರ್ ವೈಲ್ಡ್ 1895ರಿಂದ 1897ರವರೆಗೆ ಶಿಕ್ಷೆಯ ಬಹುಪಾಲು ಕಳೆದದ್ದು ಇಲ್ಲಿನ ಜೈಲಿನಲ್ಲೇ. ಇಂಥ ಊರಿನಲ್ಲಿ ಪುಸ್ತಕದ ಮಾತು ಬೇಲಿಯ ಮೇಲಿಂದ ಬಂದರೆ ಆಶ್ಚರ್ಯವಿಲ್ಲ. ನಮಗೆ ಬಂದದ್ದೂ ಅಲ್ಲಿಂದಲೇ.

ಪಕ್ಕದ ಮನೆಯ ಅಜ್ಜಿ ಒಂದು ಬೆಳಗ್ಗೆ ನಮ್ಮ ಯಜಮಾನರನ್ನು ಹಿಡಿದರು. ಇವರು ಕಸದ ಡಬ್ಬ ಹೊರಗೆ ತಳ್ಳುತ್ತಿದ್ದರು. "ಮಿಡಲ್‌ಮಾರ್ಚ್ ಅಂತೂ ಓದೇ ಇರ್ತೀರಿ, ಅಲ್ವಾ?"

"ಓ, ಎಸ್! ಜಾರ್ಜ್ ಎಲಿಯಟ್! ಎಷ್ಟು ಚೆನ್ನಾಗಿ ಬರೀತಾನೆ!"

ಕಿಟಕಿಯಲ್ಲಿ ನಿಂತಿದ್ದ ನಾನು ಕಣ್ಣು ಮುಚ್ಚಿಕೊಂಡೆ. ಜಾರ್ಜ್ ಎಲಿಯಟ್ ಹೆಂಗಸು. ನಿಜವಾದ ಹೆಸರು ಮೇರಿ ಆನ್ ಇವಾನ್ಸ್. ಕನ್ನಡವಾಗಿದ್ದರೆ "ಬರೀತಾರೆ" ಅಂದು ಮರ್ಯಾದೆಯ ಮರೆಯಲ್ಲಿ ನುಸುಳಿಬಿಡಬಹುದಿತ್ತು. ಇಂಗ್ಲಿಷಿನಲ್ಲಿ ಆ ಅನುಕೂಲ ಎಲ್ಲಿದೆ?

ಅಜ್ಜಿ ತಿದ್ದಲಿಲ್ಲ. ನಗಲೂ ಇಲ್ಲ. "ಹೌದು ಹೌದು" ಅಂದು ಗುಲಾಬಿ ಗಿಡದ ಕಡೆ ತಿರುಗಿದರು. ಮಾರನೆಯ ದಿನ ನಮ್ಮ ಬಾಗಿಲಲ್ಲಿ ಇಟ್ಟಿಗೆಯಂಥ ಪುಸ್ತಕ, ಒಳಗೊಂದು ಚೀಟಿ: "ಇನ್ನೊಮ್ಮೆ ಓದಬೇಕು ಅನ್ನಿಸಿದರೆ ಇರಲಿ ಅಂತ." ಸುಮಾರು ಎಂಟುನೂರು ಪುಟ. ಇವರ ಸುಳ್ಳನ್ನು ಕಾಪಾಡಿ, ಅದಕ್ಕೆ ತಕ್ಕ ಶಿಕ್ಷೆಯನ್ನೂ ಕೊಟ್ಟರಲ್ಲ, ಆ ಜಾಣತನಕ್ಕೆ ನಾನು ಶರಣು. ಅಲ್ಲಿಂದಾಚೆ ಇವರು ಕಸ ಹಾಕಲು ಹೋಗುವ ಮುನ್ನ ಪರದೆ ಸರಿಸಿ ಪಕ್ಕದ ತೋಟ ನೋಡುತ್ತಾರೆ. ಅಜ್ಜಿ ಕಂಡರೆ ಡಬ್ಬ ನನ್ನ ಪಾಲು.

ಈ ಅವಸ್ಥೆಯನ್ನು ಇಂಗ್ಲಿಷಿನವರು ತಾವೇ ಗೇಲಿ ಮಾಡಿಕೊಂಡಿದ್ದಾರೆ ಅನ್ನಿ. ಡೇವಿಡ್ ಲಾಡ್ಜ್ 1975ರ 'ಚೇಂಜಿಂಗ್ ಪ್ಲೇಸಸ್' ಕಾದಂಬರಿಯಲ್ಲಿ ಒಂದು ಆಟ ತಂದಿದ್ದಾರೆ. ನೀವು ಓದಿಲ್ಲದ ಪುಸ್ತಕದ ಹೆಸರು ಹೇಳಬೇಕು. ಕೂತವರಲ್ಲಿ ಎಷ್ಟು ಜನ ಅದನ್ನು ಓದಿದ್ದಾರೋ ನಿಮಗೆ ಅಷ್ಟು ಅಂಕ. ಅದರಲ್ಲೊಬ್ಬ ಇಂಗ್ಲಿಷ್ ಮೇಷ್ಟ್ರು ಗೆಲ್ಲಲೇಬೇಕೆಂಬ ಹಟದಲ್ಲಿ "ಹ್ಯಾಮ್ಲೆಟ್" ಅಂದುಬಿಡುತ್ತಾನೆ. ಆಟ ಗೆಲ್ಲುತ್ತಾನೆ. ಕೆಲಸ ಕಾಯಂ ಆಗುವುದಿಲ್ಲ.

ಆಫೀಸಿನಲ್ಲಿ ಇನ್ನೊಂದು ವರಸೆ. "ನನ್ನ ಮೇಲ್ ನೋಡಲು ಪುರುಸೊತ್ತು ಸಿಕ್ಕಿತಾ?" ಓದದಿದ್ದರೆ ಹೇಳಬೇಕಾದ ನೆಪವನ್ನೂ ಅವರೇ ಕೈಗಿಡುತ್ತಾರೆ. ಬೆಂಗಳೂರಿನಿಂದ ಹೊಸದಾಗಿ ಬಂದ ಹುಡುಗನೊಬ್ಬ ಇದನ್ನು ನಿಜವಾದ ವಿಚಾರಣೆ ಅಂದುಕೊಂಡ. "ಇಲ್ಲ, ಸಿಗಲಿಲ್ಲ" ಅಂತ ಸಂತೋಷವಾಗಿ ಹೇಳಿ ಊಟಕ್ಕೆ ಹೋದ. ವಾಪಸ್ ಬರುವಷ್ಟರಲ್ಲಿ "ನನ್ನ ಹಿಂದಿನ ಮೇಲ್‌ನಲ್ಲಿ ತಿಳಿಸಿದಂತೆ" ಅಂತ ಶುರುವಾಗುವ ಪತ್ರ ಬಂದಿತ್ತು. ಅಲ್ಲಿನವರ ಭಾಷೆಯಲ್ಲಿ ಅದು ಕಿರುಚಾಟ. ಪಾಪ, ಅವನಿಗೆ ಅದೂ ಗೊತ್ತಾಗಲಿಲ್ಲ. "ಎಷ್ಟು ಮರ್ಯಾದಸ್ಥರು, ಅಕ್ಕಾ" ಅಂದ. ಅಮೆರಿಕದ ಕಚೇರಿಯವರು ವಾಸಿ. ಓದಿದೆಯಾ, ಇಲ್ಲವಾ, ಮುಗೀತು.

ಮೈಸೂರಿನಲ್ಲಿರುವ ನಮ್ಮ ಅತ್ತೆಗೆ ಈ ಯಾವ ಕಷ್ಟವೂ ಇಲ್ಲ. 2014ರಲ್ಲಿ ವಾಟ್ಸಾಪ್‌ಗೆ ನೀಲಿ ಟಿಕ್ ಬಂದಮೇಲೆ ಅವರು ಓದಿದೆಯಾ ಅಂತ ಯಾರನ್ನೂ ಕೇಳಬೇಕಾಗಿಲ್ಲ. ಮಗನಿಗೆ ನೇರವಾಗಿ ಫೋನ್ ಬರುತ್ತದೆ: "ಏನೋ, ನೀಲಿ ಆಗಿ ಒಂದು ಗಂಟೆ ಆಯ್ತು, ಬಾಯಲ್ಲಿ ಏನಿದೆ?"