ಗ್ರಾಮಫೋನ್ ಯಜಮಾನರಿಗೆ ಇಯರ್‌ಬಡ್ ಹಾಕಿಸುವ ಕ್ರಮ

1910ರಲ್ಲಿ ಮನೆಯಲ್ಲಿ ಗ್ರಾಮಫೋನ್ ಇಟ್ಟಿದ್ದ ಯಜಮಾನರೊಬ್ಬರು ಈಗ ಎದುರಿಗೆ ಬಂದು ಕೂತರು ಅನ್ನಿ. ಇಯರ್‌ಬಡ್ ಕಂಡು ಅವರು ಬೆರಗಾಗುತ್ತಾರೆಂದು ಕಾಯಬೇಡಿ. ಕೀ ಕೊಟ್ಟು, ಹಾಡಿನ ತಟ್ಟೆಯ ಪ್ರತಿ ಮಗ್ಗುಲಿಗೂ ಮುಳ್ಳು ಬದಲಿಸಿ, ಮೈ ಬಗ್ಗಿಸಿ ಹಾಡು ಕೇಳಿದವರು ಅವರು. ಮೊದಲು ಕೇಳುವುದೇ, "ಇದಕ್ಕೆ ಕೀ ಎಲ್ಲಿ ಕೊಡೋದು?"

ಡಬ್ಬಿಯಲ್ಲಿಟ್ಟರೆ ತಾನೇ ಚಾರ್ಜ್ ಆಗುತ್ತದೆ ಎನ್ನಿ. ಆ ಡಬ್ಬಿಗೂ ಚಾರ್ಜ್ ಮಾಡಬೇಕೆಂಬುದನ್ನು ಸದ್ಯಕ್ಕೆ ಹೇಳಬೇಡಿ. ಗ್ರಾಮಫೋನಿಗೆ ಒಂದು ಮರ್ಯಾದೆ ಇತ್ತು. ಕೀ ಇಳಿಯುತ್ತ ಬಂದಂತೆ ನಿಮಿಷಕ್ಕೆ 78 ಸುತ್ತಿನ ವೇಗ ಕುಗ್ಗಿ, ಗಾಯಕಿಯ ದನಿ ಗಂಡಸಿನದಾಗಿ, ಕೊನೆಗೆ ಎಮ್ಮೆಯದಾಗಿ, ಎದ್ದು ಹೋಗಲು ಸಮಯ ಕೊಡುತ್ತಿತ್ತು. ಇಲ್ಲಿ ಎಡಗಿವಿಯಲ್ಲಿ ಹಾಡು ಪಟ್ಟನೆ ಸಾಯುತ್ತದೆ, ಬಲಗಿವಿಯಲ್ಲಿ ಏನೂ ಆಗದಂತೆ ಮುಂದುವರಿಯುತ್ತದೆ.

ಮೊಬೈಲಿಗೆ ಜೋಡಿಸಿದ ಮೇಲೂ ಸದ್ದಿಲ್ಲವೇ? ಪಕ್ಕದ ಕೋಣೆಯ ಟಿವಿಗೋ ಟ್ಯಾಬಿಗೋ ಅಂಟಿಕೊಂಡಿರುತ್ತದೆ. ಹಳೇ ಸಂಬಂಧ, ಬಿಟ್ಟಿರುವುದಿಲ್ಲ. ಅದರ ಬ್ಲೂಟೂತ್ ಆರಿಸಿ, ಮತ್ತೆ ಜೋಡಿಸಿ.

ಮೊದಲ ಹಾಡಿಗೇ ಯಜಮಾನರು ಇಯರ್‌ಬಡ್ ಕಿತ್ತು ಎಸೆಯಬಹುದು. ದನಿ ಜೋರಾಯಿತೆಂದಲ್ಲ, ಮೆಲ್ಲಗಾಯಿತೆಂದು. ಅವರ ಕಾಲದ ಗಾಯಕರು ತುತ್ತೂರಿಯಂಥ ಕೊಳವೆಯೊಳಗೆ ಕಿರುಚಿ ಹಾಡಬೇಕಿತ್ತು. ಏರುಸ್ವರ ಬಂದಾಗ ಹಿಂದೆ ಸರಿಯಬೇಕಿತ್ತು. 1925ರಲ್ಲಿ ಮೈಕ್ರೊಫೋನಿನ ಧ್ವನಿಮುದ್ರಣ ಬಂದ ಮೇಲಷ್ಟೇ ಪಿಸುಮಾತಿನಲ್ಲಿ ಹಾಡುವ ಸೌಕರ್ಯ. ಗುರುತಿಲ್ಲದ ಹೆಂಗಸು ಕಿವಿಯೊಳಗೇ ಉಸಿರುಬಿಟ್ಟರೆ ಮರ್ಯಾದಸ್ಥರು ಇನ್ನೇನು ಮಾಡಬೇಕು? ಮೊದಲ ಹಾಡು ಗಟ್ಟಿ ಗಂಟಲಿನದೇ ಇರಲಿ.

ಎರಡನೆಯ ಆಕ್ಷೇಪಕ್ಕೆ ನಮ್ಮಲ್ಲಿ ಉತ್ತರವಿಲ್ಲ. 10 ಇಂಚಿನ ತಟ್ಟೆಯ ಒಂದು ಮಗ್ಗುಲಿಗೆ ಸುಮಾರು 3 ನಿಮಿಷವಷ್ಟೇ ಹಿಡಿಯುತ್ತಿತ್ತು, ಅದಕ್ಕೇ ಹಾಡನ್ನು ಕತ್ತರಿಸುತ್ತಿದ್ದರು. "ನಿಮ್ಮದರಲ್ಲಿ ಸಾವಿರಾರು ಹಾಡು ಹಿಡಿಯುತ್ತಲ್ಲ, ಆದರೂ ಮೂರೇ ನಿಮಿಷ ಯಾಕೆ?"

ಮೊಬೈಲ್ ಆಟ ಕೊಡುವುದಾದರೆ ತಂತಿಯ ಇಯರ್‌ಫೋನ್ ಕೊಡಿ. ಬ್ಲೂಟೂತಿನಲ್ಲಿ ಸದ್ದು 0.2 ಸೆಕೆಂಡ್ ತಡವಾಗುವುದುಂಟು. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಅಂದರೆ ಹೆಚ್ಚುಕಡಿಮೆ 70 ಮೀಟರ್ ಆಚೆ ಕೂತು ಕೇಳಿದಂತೆ. ವಿಡಿಯೊ ಆ್ಯಪ್‌ಗಳು ಚಿತ್ರವನ್ನೂ ಅಷ್ಟೇ ತಡಮಾಡಿ ಸರಿದೂಗಿಸಬಲ್ಲವು. ಆಟದಲ್ಲಿ ಆ ಉಪಾಯ ನಡೆಯದು: ಶತ್ರು ಬೀಳುತ್ತಾನೆ, ಆಮೇಲೆ ಢಂ.

ಕೆಲವು ದಿನ ಕಳೆದ ಮೇಲೆ ಒಂದು ಕಿವಿಯ ದನಿ ಸಣ್ಣಗಾಗುತ್ತದೆ. ಕಾರಣ ಕಿವಿಯ ಕುಗ್ಗೆ, ಜಾಲರಿಗೆ ಮೆತ್ತಿರುತ್ತದೆ. ಜಾಲರಿಯನ್ನು ಕೆಳಮುಖ ಮಾಡಿ ಹಿಡಿದು, ಒಣ ಮೆದು ಬ್ರಷ್ಷಿನಿಂದ ಉಜ್ಜಿದರೆ ಕೊಳೆ ಹೊರಗೇ ಉದುರುತ್ತದೆ. ಚೂಪಾದದ್ದರಿಂದ ಕೆದಕಿದರೆ ಜಾಲರಿ ಹರಿಯಿತು. ಯಜಮಾನರ ಜೇಬಿನಲ್ಲಿ 200 ಉಕ್ಕಿನ ಮುಳ್ಳುಗಳ ಡಬ್ಬಿ ಇರುತ್ತದೆ. ಬಾಗಿಲಲ್ಲೇ ಇಸಿದುಕೊಳ್ಳಿ.