ಕಾಫಿಗೊಂದು ವಿಳಾಸ

ಮಗಳು ದುಬೈಯಿಂದ ರಜೆಗೆ ಬರುವಾಗ ಖರ್ಜೂರ, ಬಾದಾಮಿ ತರುವುದು ವಾಡಿಕೆ. ಈ ಸಲ ಅದರ ಜತೆಗೆ ಕಾಲು ಕಿಲೊ ಕಾಫಿ ತಂದಳು. ಮಲ್ಪೆಗೆ ಯಾರೋ ಮೀನು ಹೊತ್ತುಕೊಂಡು ಬಂದ ಹಾಗೆ. ಮಂಗಳೂರು ಬಿಜೈಯ ನಮ್ಮ ಮನೆಯಿಂದ ಹೊರಟು ಮೂರು ಗಂಟೆ ಬಸ್ಸಿನಲ್ಲಿ ಕೂತರೆ ಕಾಫಿ ತೋಟದ ಬದಿಯಲ್ಲೇ ಇಳಿಯಬಹುದು. ಸಾಲದ್ದಕ್ಕೆ ಅಕ್ಕನನ್ನು ಕೊಟ್ಟದ್ದು ಕಳಸದ ಆಚೆ, ಕಾಫಿ ಬೆಳೆಯುವ ಮನೆಗೇ. ಹೀಗಿರುವಾಗ ಸಮುದ್ರ ದಾಟಿ ಕಾಫಿ ಯಾಕೆ?

"ಅಪ್ಪ, ಇದು ಸಿಂಗಲ್ ಒರಿಜಿನ್" ಅಂದಳು.

ಹಾಗೆಂದರೆ ಎಂತ ಅಂತ ಕೇಳುವ ಮೊದಲೇ, ಒಂದೇ ಊರಿನ ಬೀಜ, ಬೇರೆ ಕಡೆಯದ್ದು ಬೆರೆಸಿಲ್ಲ ಅಂತ ಹೇಳಿ ಪ್ಯಾಕೆಟ್ ಕೈಗಿಟ್ಟಳು. ಕಪ್ಪು ಪ್ಯಾಕೆಟ್. ಬಾಯಿಗೆ ಜಿಪ್. ಹೊಟ್ಟೆಯ ಮೇಲೆ ಹೊಕ್ಕುಳಿನ ಹಾಗೆ ಸಣ್ಣದೊಂದು ತೂತು. ಒತ್ತಿದರೆ ಘಮ್ಮೆಂದು ವಾಸನೆ ಬರುತ್ತದೆ. ಹುರಿದ ಬೀಜ ಬಿಡುವ ಗಾಳಿ ಹೊರಗೆ ಹೋಗಬೇಕು, ಹೊರಗಿನ ಗಾಳಿ ಒಳಗೆ ಬರಬಾರದು, ಅದಕ್ಕೆ ಆ ಏರ್ಪಾಡಂತೆ. ಹಿಂದೆ ತಿರುಗಿಸಿದರೆ ಪೂರ್ತಿ ಜಾತಕ. ದೇಶ ಇಥಿಯೋಪಿಯಾ. ಊರು ಯಿರ್ಗಾಚೆಫೆ. ಎತ್ತರ 1900 ಮೀಟರ್‌ಗಿಂತ ಮೇಲೆ. ಬೆಳೆದವರು ಸಣ್ಣ ರೈತರು. ರುಚಿ: ಮಲ್ಲಿಗೆ, ನಿಂಬೆ, ಕಪ್ಪು ಚಾ. ಅಕ್ಕನನ್ನು ಕೊಡುವಾಗ ಭಾವನ ಮನೆಯ ಬಗ್ಗೆ ನಮ್ಮಪ್ಪ ಇಷ್ಟು ವಿಚಾರಿಸಿರಲಿಲ್ಲ.

ನಮ್ಮ ಅಂಗಡಿಯ ಕಾಫಿ ಪುಡಿಗೆ ಜಾತಕವೇ ಇಲ್ಲ. ಅಂಗಡಿಯವರು ಕೇಳುವುದು ಒಂದೇ ಪ್ರಶ್ನೆ, "ಚಿಕೋರಿ ಎಷ್ಟು ಹಾಕ್ಲಿ?" ನೂರರಲ್ಲಿ 49ರವರೆಗೂ ಹಾಕಲು ಕಾನೂನಿನಲ್ಲಿ ಅವಕಾಶ ಉಂಟು. ಒಂದು ಗ್ರಾಂ ಜಾಸ್ತಿಯಾದರೆ ಅದನ್ನು ಚಿಕೋರಿ ಮಿಶ್ರಿತ ಕಾಫಿ ಅನ್ನುವ ಬದಲು ಕಾಫಿ ಮಿಶ್ರಿತ ಚಿಕೋರಿ ಅನ್ನಬೇಕಾದೀತು ಅಂತ ಇರಬೇಕು. ನಾವು ಕಾಲಕಾಲಕ್ಕೆ 20 ಹಾಕಿಸಿಕೊಂಡು ಬಂದವರು. ಯಾವ ತೋಟದ್ದು, ಯಾವ ಗುಡ್ಡದ್ದು ಅಂತ ಕೇಳಿದರೆ ಅಂಗಡಿಯವರು ನನ್ನ ಮುಖ ನೋಡಿಯಾರು.

ಮಾರನೆಯ ಬೆಳಿಗ್ಗೆ ಪ್ರಯೋಗ ನಡೆಯಿತು. ತಕ್ಕಡಿ ಬಂತು. ಮೊಬೈಲಿನಲ್ಲಿ ಸ್ಟಾಪ್‌ವಾಚ್ ಓಡಿತು. ಲೋಟದ ಮೇಲೆ ಒಂದು ಲಾಳಿಕೆ, ಅದರೊಳಗೆ ಕಾಗದ. 15 ಗ್ರಾಂ ಪುಡಿ, ಕಾಲು ಲೀಟರ್ ನೀರು. ಮೊದಲು ಸ್ವಲ್ಪ ನೀರು ಹಾಕಿ ಅರ್ಧ ನಿಮಿಷ ಸುಮ್ನೆ ನಿಂತಳು. ಅಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

"ಮಂತ್ರ ಯಾರು ಹೇಳುವುದು?" ಅಂತ ಕೇಳಿದರು.

ಹಾಲಿಲ್ಲ, ಸಕ್ಕರೆಯಿಲ್ಲ. ಕೆಂಪಗೆ ತೆಳ್ಳಗಿನ ನೀರು. ಅಮ್ಮ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟರು. "ನಾಲ್ಕು ಕಾಳು ಕೊತ್ತಂಬರಿ, ಜೀರಿಗೆ ಹಾಕಿದ್ದಿದ್ದರೆ ಕಷಾಯ ಅಂತಲಾದರೂ ಕುಡಿಯಬಹುದಿತ್ತು." ಮಲ್ಲಿಗೆಯ ರುಚಿ ಸಿಕ್ಕಿತಾ ಅಂತ ಮೊಮ್ಮಗಳು ಕೇಳಿದ್ದಕ್ಕೆ, "ಮಲ್ಲಿಗೆ ಮುಡಿಯುವುದು ಮಗಾ, ಕುಡಿಯುವುದಲ್ಲ" ಅಂದರು. ಅವರ ಲೆಕ್ಕದಲ್ಲಿ ಮಲ್ಲಿಗೆ ಅಂದರೆ ಉಡುಪಿ ಹತ್ತಿರದ ಶಂಕರಪುರದ್ದು, ಅಟ್ಟೆ ಅನ್ನುವ ಕಟ್ಟಿನ ಲೆಕ್ಕದಲ್ಲಿ ಮಾರುವಂಥದ್ದು. ಬೇರೆ ಯಾವುದೂ ಮಲ್ಲಿಗೆಯಲ್ಲ. ಯೋಚಿಸಿದರೆ ಇದೂ ಸಿಂಗಲ್ ಒರಿಜಿನ್ ಮಾತೇ.

ನನಗೆ ಮೊದಲು ಸಿಕ್ಕಿದ್ದು ಹುಳಿ. ಕಾಫಿಯಲ್ಲಿ ಹುಳಿ ಬಂದರೆ ಹಾಲು ಒಡೆದಿದೆ ಅಂತ ತಿಳಿಯುವ ನಾಲಗೆ ನನ್ನದು. ಪೇಪರ್ ಓದುತ್ತ ಲೋಟ ಮರೆತೆ. ಅರ್ಧ ತಣಿದ ಮೇಲೆ ಇನ್ನೊಂದು ಗುಟುಕು ಕುಡಿದರೆ ಏನೋ ಹೂವಿನ ಎಳೆ ಮೂಗಿನ ಹಿಂದೆ ಹಾದು ಹೋಯಿತು. ಮಗಳಿಗೆ ಹೇಳಲಿಲ್ಲ. ಹೇಳಿದರೆ ದಿನಾ ಅದನ್ನೇ ಕುಡಿಸುತ್ತಾಳೆ.

ಎತ್ತರದ ವಿಷಯ ಮಾತ್ರ ತಲೆಯಿಂದ ಹೋಗಲಿಲ್ಲ. ನಮ್ಮ ರಾಜ್ಯದಲ್ಲೇ ಅತಿ ಎತ್ತರದ ಮುಳ್ಳಯ್ಯನಗಿರಿ ಇರುವುದು 1930 ಮೀಟರ್. ನಮ್ಮ ಶಿಖರದ ತಲೆ ಎಲ್ಲಿ ಮುಗಿಯುತ್ತದೋ ಅಲ್ಲಿ ಅವರ ಕಾಫಿ ಗಿಡದ ಬುಡ ಶುರು. ಭೂಮಧ್ಯರೇಖೆಗೆ ಹತ್ತಿರ ಇರುವ ಕಾರಣ ಅಷ್ಟು ಮೇಲೆಯೂ ಗಿಡ ಬದುಕುತ್ತದೆ. ರಾತ್ರಿ ತಂಪು ಜಾಸ್ತಿ. ಹಾಗಾಗಿ ಹಣ್ಣಿಗೆ ಅವಸರವಿಲ್ಲ, ನಿಧಾನವಾಗಿ ಮಾಗುತ್ತದೆ. ಬೀಜ ಗಟ್ಟಿಯಾಗುತ್ತದೆ, ಸಿಹಿ ಹುಳಿ ಎರಡೂ ಒಳಗೆ ಕೂಡುತ್ತವೆ. ಕೆಳಗೆ ಸೆಖೆಯಲ್ಲಿ ಬೇಗ ಬೇಗ ಹಣ್ಣಾದದ್ದಕ್ಕೆ ಆ ಪುರುಸೊತ್ತು ಸಿಗುವುದಿಲ್ಲ. ಸಮುದ್ರ ಮಟ್ಟದಲ್ಲಿ ಬೆವರುತ್ತ ಕೂತ ನನ್ನಂಥವನಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ.

ನಾಲ್ಕನೇ ದಿನ ಭಾವ ಬಂದರು. ಕಣ್ಣಿನ ಡಾಕ್ಟರಿಗೆ ತೋರಿಸಬೇಕಿತ್ತು. ಆಟಿ ತಿಂಗಳ ಮಳೆಯಲ್ಲಿ ಕುದುರೆಮುಖ, ಕಾರ್ಕಳದ ದಾರಿಯಾಗಿ ಎರಡು ಬಸ್ ಹಿಡಿದು, ಕೊಡೆಯಿಂದ ನೀರು ಸುರಿಸುತ್ತ ಜಗಲಿ ಹತ್ತಿದರು. ಅಮ್ಮ ಬೆಲ್ಲ, ನೀರು ತಂದಿಟ್ಟು, "ಆಸರಿಗೆ ಎಂತ ಮಾಡ್ಲಿ? ಕಾಫಿಯಾ?" ಅಂದರು. ಭಾವ ಚೀಲದಿಂದ ಒಂದು ಹಳೆಯ ಹಾರ್ಲಿಕ್ಸ್ ಬಾಟಲಿ ತೆಗೆದರು. ಮನೆಯ ಕಾಫಿ ಪುಡಿ. ವರ್ಷಾ ವರ್ಷ ಬರುತ್ತದೆ. ಒಂದು ಬಾಟಲಿ ಕಾಳುಮೆಣಸು, ಒಂದು ಬಾಟಲಿ ಪುಡಿ.

ಈ ಪುಡಿಯ ಗುಟ್ಟು ನನಗೆ ತಿಳಿದದ್ದು ಮದುವೆಯಾಗಿ ಹತ್ತು ವರ್ಷದ ಮೇಲೆ, ಅಕ್ಕ ಬಾಯಿಬಿಟ್ಟಾಗ. ಹಣ್ಣನ್ನು ನೀರಿಗೆ ಹಾಕಿದಾಗ ತೇಲಿದ್ದು, ಬುಡದಲ್ಲಿ ಉದುರಿದ್ದನ್ನು ಹೆಕ್ಕಿದ್ದು, ಕಪ್ಪಾದದ್ದು, ಒಡೆದದ್ದು ಎಲ್ಲ ಮನೆಯ ಕಾಫಿಗೆ. ಒಳ್ಳೆಯದು ಮಾರುವುದಕ್ಕೆ. ಐದು ಎಕರೆ ತೋಟದವರು ಒಳ್ಳೆಯದನ್ನು ಕುಡಿದರೆ ಮಕ್ಕಳ ಫೀಸು ಯಾರು ಕಟ್ಟುವುದು? ಬಾಣಲೆಯಲ್ಲಿ ಕಪ್ಪಗೆ ಹುರಿದು, ಬೆಲ್ಲ ಹಾಕಿ ಕುದಿಸಿದರೆ ತೇಲಿದ್ದು ಯಾವುದು, ಮುಳುಗಿದ್ದು ಯಾವುದು ಯಾರಿಗೂ ಗೊತ್ತಾಗುವುದಿಲ್ಲ.

ಮಗಳು ಮಾವನಿಗೆ ಇಥಿಯೋಪಿಯಾದ ಲೋಟ ಕೊಟ್ಟಳು. ಭಾವ ಕುಡಿಯಲಿಲ್ಲ. ಮೊದಲು ಬೀಜ ಕೇಳಿದರು. ಅಂಗೈ ಮೇಲೆ ಹರಡಿ, ಬೆರಳಿನಲ್ಲಿ ಹೊರಳಿಸಿ, ಒಂದನ್ನು ಹಲ್ಲಿಗೆ ಕೊಟ್ಟು ಕಟ್ಟೆಂದು ಕಡಿದರು. "ಪಾರ್ಚ್‌ಮೆಂಟ್ ಇದು. ಹಣ್ಣಿನ ಸಿಪ್ಪೆ ಬಿಡಿಸಿ ತೊಳೆದದ್ದು. ಒಳ್ಳೆ ಕೆಲಸ ಮಾಡಿದ್ದಾರೆ." ಆಮೇಲೆ ಲೋಟ ಎತ್ತಿದರು. ಮೂಸಿ ನೋಡಿ ಸ್ವಲ್ಪ ಹೊತ್ತು ಮಾತಾಡಲಿಲ್ಲ.

"ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ತೋಟ ಪೂರ ಬೆಳ್ಳಗೆ ಆಗ್ತದಲ್ಲ, ಆಗ ಬೆಳಿಗ್ಗೆ ಬಾಗಿಲು ತೆಗೆದರೆ ಇದೇ ಪರಿಮಳ."

ಮಗಳು ಗೆದ್ದವಳ ಹಾಗೆ ಅಜ್ಜಿಯ ಕಡೆ ನೋಡಿದಳು. ಅಜ್ಜಿ ಹಲಸಿನ ಹಪ್ಪಳ ಹುರಿಯಲು ಒಳಗೆ ಹೋದರು.

"ಮಾವ, ನಿಮ್ಮ ತೋಟ ಎಷ್ಟು ಎತ್ತರದಲ್ಲಿದೆ?"

"ಎತ್ತರ ಯಾರು ಅಳೆದಿದ್ದಾರೆ ಮಾರಾಯ್ತಿ? ಮಳೆ ಕೇಳು, ಹೇಳ್ತೇನೆ. ಮೊನ್ನೆ ಒಂದೇ ದಿನ ನಾಲ್ಕು ಇಂಚು ಎಪ್ಪತ್ತು ಸೆಂಟು."

ಅವರಲ್ಲಿ ಮಳೆ ಲೆಕ್ಕ ಈಗಲೂ ಇಂಚು, ಸೆಂಟಿನಲ್ಲೇ. ನೂರು ಸೆಂಟಿಗೆ ಒಂದು ಇಂಚು. ಅಂಗಳದ ಮಳೆಮಾಪಕ ದಿನಾ ಬೆಳಿಗ್ಗೆ ನೋಡಿ ಡೈರಿಯಲ್ಲಿ ಬರೆಯುತ್ತಾರೆ. ಅವರ ಅಪ್ಪ ಬರೆದ ಡೈರಿಗಳೂ ಅಟ್ಟದಲ್ಲಿವೆ. ಮಕ್ಕಳ ಹುಟ್ಟಿದ ದಿನ ಮರೆತರೂ ಆ ದಿನದ ಮಳೆ ಸಿಗುತ್ತದೆ.

ಮಗಳು ಪ್ಯಾಕೆಟಿನ ಜಾತಕ ಓದಿ ಹೇಳಿದಳು. ಅಲ್ಲಿ ದೊಡ್ಡ ಎಸ್ಟೇಟುಗಳು ಕಡಿಮೆ. ಮನೆಯ ಹಿತ್ತಲಿನಲ್ಲೇ ಒಂದಿಷ್ಟು ಗಿಡ. ಬಾಳೆಯ ದಾಯಾದಿಯಾದ ಎನ್ಸೆಟ್ ಅನ್ನುವ ಗಿಡದ ನೆರಳಿನಲ್ಲಿ ಕಾಫಿ. ಆ ಎನ್ಸೆಟ್ಟಿನ ದಿಂಡು, ಗೆಡ್ಡೆಯೇ ಅವರ ಊಟ. ನೂರಾರು ಮನೆಯ ಹಣ್ಣು ಒಂದು ತೊಳೆಯುವ ಕೇಂದ್ರಕ್ಕೆ ಬಂದು ಸೇರುತ್ತದೆ.

"ನೂರಾರು ಮನೆಯದ್ದಾ? ಮತ್ತೆ ಸಿಂಗಲ್ ಹೇಗೆ?" ಅಂದರು ಭಾವ. ಮಗಳ ಹತ್ತಿರ ಉತ್ತರ ಇತ್ತು, ಸ್ವಲ್ಪ ಉದ್ದವಾಗಿತ್ತು. ಭಾವ ಕೇಳಿಸಿಕೊಂಡು, "ಹಾಗಾದರೆ ನಮ್ಮ ಪೂಲಿನ ತಮ್ಮ" ಅಂದರು.

ಪೂಲು ಅಂದರೆ ಹಳಬರಿಗೆ ಗೊತ್ತು. ಎರಡನೇ ಮಹಾಯುದ್ಧದಲ್ಲಿ ಯುರೋಪಿನ ಮಾರುಕಟ್ಟೆ ಮುಚ್ಚಿಹೋಗಿ ಬೆಳೆಗಾರರು ಮುಳುಗುವ ಹಾಗಾದಾಗ ಶುರುವಾದದ್ದು. 1942ರ ಕಾಫಿ ಕಾಯ್ದೆ ಅದನ್ನು ಗಟ್ಟಿ ಮಾಡಿತು. ಬೆಳೆದ ಕಾಫಿಯನ್ನೆಲ್ಲ ಕಾಫಿ ಬೋರ್ಡಿನ ಪೂಲಿಗೆ ಕೊಡಬೇಕು. ಎಲ್ಲರದ್ದೂ ದರ್ಜೆ ಪ್ರಕಾರ ಒಟ್ಟು ಸೇರುತ್ತದೆ. ಬೋರ್ಡು ಹರಾಜು ಹಾಕುತ್ತದೆ, ದುಡ್ಡು ಕಂತಿನಲ್ಲಿ ಬರುತ್ತದೆ. ತೊಂಬತ್ತರ ದಶಕದಲ್ಲಿ ಸ್ವಲ್ಪ ಸ್ವಲ್ಪ ಸಡಿಲವಾಗಿ 1996ರ ಹೊತ್ತಿಗೆ ಪೂರ್ತಿ ಬಿಡುಗಡೆ. ಅಲ್ಲಿಯವರೆಗೆ ತನ್ನ ತೋಟದ ಕಾಫಿಗೆ ತನ್ನ ಹೆಸರಿಟ್ಟು ಮಾರುತ್ತೇನೆ ಅನ್ನುವ ಯೋಚನೆಗೇ ಜಾಗ ಇರಲಿಲ್ಲ. ಈಗ ಜಾಗ ಉಂಟು. ಚಿಕ್ಕಮಗಳೂರು, ಬಾಬಾಬುಡನ್‌ಗಿರಿ, ಕೊಡಗಿನ ಅರೇಬಿಕಾ ಕಾಫಿಗಳಿಗೆ 2019ರಲ್ಲಿ ಜಿಐ, ಅಂದರೆ ಊರಿನ ಹೆಸರಿಗೆ ಕಾನೂನಿನ ಮಾನ್ಯತೆಯೂ ಸಿಕ್ಕಿತು. ಆದರೆ ಭಾವನ ಕಾಫಿ ಈಗಲೂ ಪೇಟೆಯ ವ್ಯಾಪಾರಿಯ ತಕ್ಕಡಿ ದಾಟಿದ ಕೂಡಲೇ ಹೆಸರು ಕಳೆದುಕೊಳ್ಳುತ್ತದೆ. ಅವನು ನೋಡುವುದು ತೇವ ಎಷ್ಟು, ಔಟ್‌ಟರ್ನ್ ಎಷ್ಟು. 50 ಕಿಲೊ ಚೀಲದಲ್ಲಿ 28 ಕಿಲೊ ಬೀಜ ಬಂತಾ, 26 ಬಂತಾ ಅಷ್ಟೇ. ಮಲ್ಲಿಗೆ ಬಂತಾ ಅಂತ ಯಾವ ವ್ಯಾಪಾರಿಯೂ ಕೇಳಿಲ್ಲ.

ಭಾವನಿಗೆ ತುಂಬ ಮಜಾ ಅನಿಸಿದ್ದು 'ಸಣ್ಣ ರೈತರು' ಅನ್ನುವ ಮಾತು. "ನಮ್ಮಲ್ಲಿ ಸಣ್ಣ ರೈತ ಅಂತ ಬರೆಸಿಕೊಳ್ಳಲಿಕ್ಕೆ ತಾಲೂಕು ಆಫೀಸಿಗೆ ಹೋಗಿ ಕ್ಯೂ ನಿಲ್ಲಬೇಕು. ಇವರಿಗೆ ಪ್ಯಾಕೆಟಿನಲ್ಲೇ ಬಂಗಾರದ ಬಣ್ಣದಲ್ಲಿ ಬರೆದುಕೊಟ್ಟಿದ್ದಾರೆ ನೋಡು." ಆಮೇಲೆ ರೇಟು ಕೇಳಿದರು. ಮಗಳು ದಿರ್ಹಮ್ಮಿನಿಂದ ರೂಪಾಯಿಗೆ ತಂದು ಹೇಳಿದಳು, ಹತ್ತಿರ ಹತ್ತಿರ 1800. ಭಾವ ಮನಸ್ಸಿನಲ್ಲೇ ಹಿಂದಕ್ಕೆ ಲೆಕ್ಕ ಹಾಕಿದರು. ಆರು ಕಿಲೊ ಹಣ್ಣಿಗೆ ಒಂದು ಕಿಲೊ ಬೀಜ. ಹುರಿಯುವಾಗ ಇನ್ನೊಂದಿಷ್ಟು ತೂಕ ಹೋಗುತ್ತದೆ. ಈ ಕಾಲು ಕಿಲೊಗೆ ಎರಡು ಕಿಲೊ ಹಣ್ಣು ಸಾಕು.

"ಎರಡು ಕಿಲೊ ಹಣ್ಣಿಗೆ ಆ ರೈತನಿಗೆ ಎಷ್ಟು ಸಿಕ್ಕಿತಂತೆ?"

ಮಗಳು ಪ್ಯಾಕೆಟನ್ನು ತಿರುಗಿಸಿ ಮುರುಗಿಸಿ ನೋಡಿದಳು. ಊರು, ಎತ್ತರ, ಹುರಿದ ತಾರೀಕು ಎಲ್ಲ ಇತ್ತು. ಅದೊಂದು ಇರಲಿಲ್ಲ.

ನಾನು ಮಾತು ಬದಲಿಸಲು ಬಾಬಾಬುಡನ್ ಕತೆ ತೆಗೆದೆ. 17ನೇ ಶತಮಾನದಲ್ಲಿ ಯೆಮೆನ್ನಿನ ಮೋಖಾ ಬಂದರಿನಿಂದ ಏಳು ಬೀಜ ಅಡಗಿಸಿ ತಂದು ಚಂದ್ರದ್ರೋಣ ಬೆಟ್ಟದಲ್ಲಿ ಹಾಕಿದ್ದು. ಯೆಮೆನ್ನಿಗೆ ಕಾಫಿ ಹೋದದ್ದು ಇಥಿಯೋಪಿಯಾದಿಂದಲೇ. ಅಂದರೆ ಭಾವನ ತೋಟದ 795ನೇ ನಂಬರಿನ ತಳಿಯ ಗಿಡಗಳಿಗೆ ಈ ಪ್ಯಾಕೆಟಿನ ಊರಿನ ಕಡೆಯೇ ಅಜ್ಜಿಮನೆ. ಏಳು ಬೀಜ ಕದ್ದು ತಂದವರಿಗೆ ನಾವು ಕೈಮುಗಿಯುತ್ತೇವೆ. ನನ್ನ ಮಗಳು ಬಿಲ್ಲು ಸಮೇತ ತಂದದ್ದಕ್ಕೆ ಮನೆಯಲ್ಲಿ ಮರ್ಯಾದೆಯಿಲ್ಲ.

ಹಪ್ಪಳ ಬಂತು. ಡಬ್ಬಿಯಿಂದ ತೆಗೆಯುವಾಗಲೇ ಮೆತ್ತಗಾಗಿತ್ತು. ಬೆಂಕಿಪೊಟ್ಟಣ ಹತ್ತುವುದಿಲ್ಲ, ಉಪ್ಪು ನೀರಾಗಿದೆ, ಚಪ್ಪಲಿಗೆ ಬೂಷ್ಟು ಬಂದಿದೆ ಅಂತ ಅಮ್ಮ ಮಳೆಗಾಲದ ಪಟ್ಟಿ ಓದಿದರು. ಆಗ ಮಗಳು, ದುಬೈಯ ಆ ಅಂಗಡಿಯಲ್ಲಿ ಮಾನ್ಸೂನ್ಡ್ ಮಲಬಾರ್ ಅನ್ನುವ ಕಾಫಿಯೂ ಇದೆ, ಕೇರಳದ್ದಿರಬೇಕು ಅಂದಳು. ಇದನ್ನು ಮಾತ್ರ ನಾನು ಬಿಡಲಿಲ್ಲ. ಅದು ನಮ್ಮೂರಿನ ಗಾಳಿ!

ಹಾಯಿ ಹಡಗಿನ ಕಾಲದಲ್ಲಿ ಇಲ್ಲಿಂದ ಯುರೋಪಿಗೆ ಹೋಗಲು ತಿಂಗಳುಗಟ್ಟಲೆ ಬೇಕಿತ್ತು. ಹಡಗಿನ ಹೊಟ್ಟೆಯಲ್ಲಿ ಕಡಲ ತೇವ ಕುಡಿದು ಹಸಿರು ಕಾಫಿ ಬೀಜ ಉಬ್ಬಿ, ಹಳದಿಯಾಗಿ, ಹುಳಿ ಕಳೆದುಕೊಂಡು ಮುಟ್ಟುತ್ತಿತ್ತು. ಅವರಿಗೆ ಅದೇ ರೂಢಿಯಾಯಿತು. 1869ರಲ್ಲಿ ಸೂಯೆಜ್ ಕಾಲುವೆ ತೆರೆದು, ಉಗಿಹಡಗು ಬಂದು, ಕಾಫಿ ತಾಜಾ ಹೋಗತೊಡಗಿದಾಗ ಗಿರಾಕಿಗಳು ಇದು ಆ ರುಚಿಯಲ್ಲ ಅಂದರಂತೆ. ಆಗ ಹಡಗಿನ ಕೆಲಸವನ್ನು ಮಂಗಳೂರಿನ ಮಳೆಗಾಲಕ್ಕೆ ವಹಿಸಿದರು. ಜೂನಿನಿಂದ ಸೆಪ್ಟೆಂಬರ್‌ವರೆಗೆ ಬದಿ ತೆರೆದ ಗೋದಾಮಿನಲ್ಲಿ ಚೆರಿ ಕಾಫಿಯ, ಅಂದರೆ ಹಣ್ಣನ್ನು ಇಡಿಯಾಗಿ ಒಣಗಿಸಿ ತೆಗೆದ ಬೀಜ ಹರಡಿ, ಕೈಯಾಡಿಸಿ, ಚೀಲಕ್ಕೆ ಸಡಿಲವಾಗಿ ತುಂಬಿ, ನಡುವೆ ಗಾಳಿ ಹೋಗುವ ಹಾಗೆ ಸಾಲಾಗಿ ಇಟ್ಟು, ಮತ್ತೆ ಸುರಿದು, ಮತ್ತೆ ತುಂಬಿ. ಇದಕ್ಕೆ ಚಿಕ್ಕಮಗಳೂರಿನ ಕಾಫಿಗಿಂತ ಮೊದಲೇ ಜಿಐ ಬಂದಿದೆ. ನಮ್ಮ ಬೀದಿಯ ಕೊನೆಯ ಮನೆಯ ಬಾಯಮ್ಮ ಪ್ರಾಯದಲ್ಲಿ ಇಂಥ ಗೋದಾಮಿನಲ್ಲೇ ಕಪ್ಪು ಕಾಳು ಆರಿಸುವ ಕೆಲಸಕ್ಕಿದ್ದವರು. ಸಂಜೆಗೆ ಸೀರೆ, ಕೂದಲು ಎಲ್ಲ ಚೀಲದ ವಾಸನೆ ಅನ್ನುತ್ತಾರೆ. ಅವರು ಕುಡಿಯುವುದು ಚಾ.

ಆ ಕಾಫಿಯನ್ನು ನಾನೂ ಒಮ್ಮೆ ಕುಡಿದಿದ್ದೇನೆ. ಊರಿನ ಅಭಿಮಾನ ಬದಿಗಿಟ್ಟು ಹೇಳುವುದಾದರೆ ಅಟ್ಟದ ವಾಸನೆ. ಇಷ್ಟಪಡುವವರು ಇಷ್ಟಪಡಲಿ.

"ಅಂದರೆ ನಮ್ಮ ಚೆರಿ ಇಲ್ಲಿಗೆ ಬಂದು, ಬೂಷ್ಟು ಗಾಳಿ ತಿಂದು, ದುಬೈಗೆ ಹೋಗಿ ಕೂತಿರಬಹುದು" ಅಂದರು ಭಾವ.

"ಇರಬಹುದು ಮಾವ."

"ಎತ್ತರ ಎಷ್ಟು ಅಂತ ಬರೆದಿರ್ತಾರೆ?"

ಮಾರನೆಯ ಬೆಳಿಗ್ಗೆ ಭಾವ ಹೊರಟರು. ಬಸ್ಸಿಗೆ ಮೊದಲು ಕಾಫಿ ಯಾವುದು ಮಾಡ್ಲಿ ಅಂತ ಮಗಳು ಕೇಳಿದಳು. ಹಾಲು, ಚಿಕೋರಿ, ಸಕ್ಕರೆ ಎಲ್ಲ ಹಾಕಿದ್ದು, ಅಂಗಡಿಯದ್ದು ಅಂದರು. ತಾವೇ ತಂದ ಬಾಟಲಿಯದ್ದೂ ಬೇಡವಂತೆ. "ದಿನಾ ಅದೇ ಅಲ್ವಾ. ಪೇಟೆಗೆ ಬಂದಾಗಲಾದರೂ ಪೇಟೆ ಕಾಫಿ." ಕುಡಿದು ಲೋಟ ಇಟ್ಟು, ಕೊಡೆ ಹುಡುಕುತ್ತ, ಸ್ವಲ್ಪ ಸಂಕೋಚದಲ್ಲಿ ಆ ಕಪ್ಪು ಪ್ಯಾಕೆಟ್ ಖಾಲಿಯಾದ ಮೇಲೆ ಏನು ಮಾಡುತ್ತೀರಿ ಅಂತ ಕೇಳಿದರು. ಮಗಳು ಉಳಿದ ಬೀಜವನ್ನು ಅಮ್ಮನ ಹಪ್ಪಳದ ಡಬ್ಬಿಗೆ ಸುರಿದು ಪ್ಯಾಕೆಟನ್ನು ಆಗಲೇ ಕೊಟ್ಟುಬಿಟ್ಟಳು. ಜಿಪ್ಪನ್ನು ಎರಡು ಸಲ ಎಳೆದು ಹಾಕಿ ನೋಡಿ ಚೀಲದಲ್ಲಿಟ್ಟುಕೊಂಡರು.

ಕಳೆದ ವಾರ ಅಕ್ಕ ಫೋನ್ ಮಾಡಿದ್ದಳು. ಮಳೆ ನಿಂತಿಲ್ಲ, ಕರೆಂಟ್ ಹೋಗಿ ಮೂರು ದಿನ, ನಿನ್ನೆ ಐದು ಇಂಚು ಹತ್ತು ಸೆಂಟು. ಮಳೆ ಡೈರಿ, ರೇಷನ್ ಕಾರ್ಡು, ಬೆಂಕಿಪೊಟ್ಟಣ ಮೂರೂ ಈಗ ಆ ಪ್ಯಾಕೆಟಿನಲ್ಲೇ ಇರುವುದಂತೆ. ಒಲೆಯ ಮೇಲಿನ ಹಲಗೆಯಲ್ಲಿ ಇಟ್ಟಿದ್ದಾರೆ. ಕಡ್ಡಿ ಗೀರಿದರೆ ಒಂದೇ ಏಟಿಗೆ ಹತ್ತುತ್ತದೆ, ಸ್ವಲ್ಪ ಮಲ್ಲಿಗೆ ವಾಸನೆಯೂ ಬರುತ್ತದೆ ಅಂದಳು.